ಓದುಗರ ಪ್ರಶ್ನೆ: ಸಂಜೆಯ ಕರೆಂಟಿಗೆ ಬೇರೆ ರೇಟಾ?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಸ್ಮಾರ್ಟ್ ಮೀಟರ್ ಬಗ್ಗೆಯೇ. ಹೊಸ ಮನೆ ಕಟ್ಟಿ ಕರೆಂಟ್ ತೆಗೆದುಕೊಳ್ಳುವವರಿಗೆ ಚಿಂತೆ, ಹಳೆ ಮನೆಯವರಿಗೆ ಅವರಿಗಿಂತ ಜಾಸ್ತಿ ಚಿಂತೆ. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿಕೊಂಡು ಉತ್ತರ ಬರೆದಿದ್ದೇನೆ.

ಈಗಿರುವ ಮೀಟರೂ ಡಿಜಿಟಲ್ಲೇ ಅಲ್ವಾ? ಮತ್ತೆ ಸ್ಮಾರ್ಟ್ ಮೀಟರ್ ಅಂದ್ರೆ ಎಂತ? ಅದು ಬಂದ ಕೂಡಲೇ ಗಂಟೆಗೊಂದು ರೇಟ್ ಶುರುವಾಗ್ತದಾ?
– ಓದುಗರು, ಸುರತ್ಕಲ್

ಈಗಿನ ಡಿಜಿಟಲ್ ಮೀಟರ್‌ನಿಂದ ಬಿಲ್ಲಿನ ಯೂನಿಟ್ ಲೆಕ್ಕಕ್ಕೆ ಹೋಗುವುದು ತಿಂಗಳಿಗೆ ಒಂದು ಸಂಖ್ಯೆ ಮಾತ್ರ. ರೀಡಿಂಗ್‌ನವರು ಬರುತ್ತಾರೆ, ಹೋದ ತಿಂಗಳದ್ದು ಕಳೆಯುತ್ತಾರೆ, ಚೀಟಿ ಕೊಟ್ಟು ಹೋಗುತ್ತಾರೆ. ಚೀಟಿಯಲ್ಲಿ 300 ಯೂನಿಟ್ ಅಂತಿದ್ದರೆ ಅದರಲ್ಲಿ ಮಧ್ಯಾಹ್ನ ಎಷ್ಟು, ರಾತ್ರಿ ಎಷ್ಟು ಅಂತ ಯಾರಿಗೂ ಗೊತ್ತಿಲ್ಲ. ಸ್ಮಾರ್ಟ್ ಮೀಟರ್ ಕಾಲು ಗಂಟೆಗೋ ಅರ್ಧ ಗಂಟೆಗೋ ಒಮ್ಮೆ ಲೆಕ್ಕ ಬರೆದಿಟ್ಟುಕೊಳ್ಳುತ್ತದೆ, ಮೊಬೈಲ್ ನೆಟ್‌ವರ್ಕ್ ಅಥವಾ ರೇಡಿಯೊ ಮೂಲಕ ಅದನ್ನು ಕಂಪನಿಗೆ ಕಳಿಸುತ್ತದೆ, ಅಲ್ಲಿಂದಲೇ ಸಂಪರ್ಕ ಕಡಿಯಲೂ ಬಹುದು, ಕೊಡಲೂ ಬಹುದು.

ಮೀಟರ್ ಬೇರೆ, ದರ ಬೇರೆ. ಇದನ್ನು ಮೊದಲು ಮನಸ್ಸಿನಲ್ಲಿಟ್ಟುಕೊಳ್ಳಿ. ದರ ನಿಗದಿ ಮಾಡುವುದು ನಮಗೆ ಕರೆಂಟ್ ಕೊಡುವ ಕಂಪನಿ ಮೆಸ್ಕಾಂ ಅಲ್ಲ, ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ. 2025-26ಕ್ಕೆ ಮನೆಗಳಿಗೆ ಅದು ಇಟ್ಟದ್ದು ಹಗಲಿಗೂ ರಾತ್ರಿಗೂ ಒಂದೇ ದರ, ಯೂನಿಟ್‌ಗೆ 5 ರೂಪಾಯಿ 80 ಪೈಸೆ. ಅದರ ಮೇಲೆ ತೆರಿಗೆ, ಸರ್‌ಚಾರ್ಜ್ ಬೇರೆ. ಆದರೆ ಕೇಂದ್ರ ಸರ್ಕಾರ 2023ರ ಜೂನ್‌ನಲ್ಲಿ ಗ್ರಾಹಕರ ಹಕ್ಕುಗಳ ನಿಯಮಕ್ಕೆ ತಿದ್ದುಪಡಿ ತಂದು ಸಮಯಕ್ಕೆ ತಕ್ಕ ದರದ ದಾರಿ ತೆರೆದಿದೆ. ಕೃಷಿ ಬಿಟ್ಟು ಉಳಿದ ಎಲ್ಲ ಗ್ರಾಹಕರಿಗೆ 2025ರ ಏಪ್ರಿಲ್ 1ರ ಒಳಗೆ ಅದು ಬರಬೇಕು, ಸ್ಮಾರ್ಟ್ ಮೀಟರ್ ಹಾಕಿದ ಮನೆಗೆ ಕೂಡಲೇ ಅನ್ವಯವಾಗಬೇಕು ಅಂತ ಅದರಲ್ಲಿದೆ. ಯಾವ ಗಂಟೆಗೆ ಎಷ್ಟು ಅಂತ ಹೇಳಬೇಕಾದದ್ದು ಮಾತ್ರ ರಾಜ್ಯದ ಆಯೋಗ. ಹಾಗಾಗಿ ಗೋಡೆಗೆ ಮೀಟರ್ ಬಂದ ಮಾತ್ರಕ್ಕೆ ದರ ಬದಲಾಗುವುದಿಲ್ಲ, ಬದಲಾಯಿಸಲು ಬೇಕಾದ ಸಾಧನ ಬಂದಂತಾಗುತ್ತದೆ.

ಸಂಜೆ ಕರೆಂಟ್ ಯಾಕೆ ದುಬಾರಿ ಆಗ್ಬೇಕು? ಮಕ್ಕಳು ಶಾಲೆಯಿಂದ, ಇವರು ಬ್ಯಾಂಕಿನಿಂದ ಬರುವುದೇ ಸಂಜೆ. ಅತ್ತೆಯವರು ದೀಪ ಹಚ್ಚಿ ಟಿವಿ ಹಾಕುವುದೂ ಆಗಲೇ. ನಾವು ಕತ್ತಲೆಯಲ್ಲಿ ಕೂರಬೇಕಾ?
– ಗೃಹಿಣಿ, ಕುಂಜಿಬೆಟ್ಟು, ಉಡುಪಿ

ಖಂಡಿತ ಕೂರಬಾರದು. ನಿಮ್ಮ ಸಿಟ್ಟು ನ್ಯಾಯವಾದದ್ದೇ. ಮೊದಲು ಯಾಕೆ ದುಬಾರಿ ಅಂತ ಹೇಳ್ತೇನೆ.

ಹಗಲು ಪಾವಗಡದಂಥ ಕಡೆ ಬಿಸಿಲಿನಿಂದ ಬೇಕಾದಷ್ಟು ಕರೆಂಟ್ ಬರುತ್ತದೆ. ಪಾವಗಡ ಒಂದರದ್ದೇ ಸಾಮರ್ಥ್ಯ 2,050 ಮೆಗಾವ್ಯಾಟ್. ಸೂರ್ಯ ಮುಳುಗುವ ಹೊತ್ತಿಗೆ ಅದು ಸೊನ್ನೆ, ಆದರೆ ಸರಿಯಾಗಿ ಅದೇ ಹೊತ್ತಿಗೆ ರಾಜ್ಯದ ಎಲ್ಲ ಮನೆಗಳಲ್ಲೂ ಲೈಟು, ಫ್ಯಾನು, ಮಿಕ್ಸಿ, ಎಸಿ ಶುರು. ಆಗ ಹೊಸಂಗಡಿಯ ಹತ್ತಿರ ನೆಲದೊಳಗಿರುವ 460 ಮೆಗಾವ್ಯಾಟ್‌ನ ವಾರಾಹಿಯಂಥ ಜಲವಿದ್ಯುತ್ ಘಟಕಗಳನ್ನು ಓಡಿಸಬೇಕು, ಎಲ್ಲೂರಿನ 1,200 ಮೆಗಾವ್ಯಾಟ್‌ನ ಸ್ಥಾವರದಂತೆ ಹೊರದೇಶದ ಕಲ್ಲಿದ್ದಲು ಸುಡುವ ಕಡೆಯಿಂದಲೂ ತೆಗೆದುಕೊಳ್ಳಬೇಕು. ಅದೂ ಸಾಲದಿದ್ದರೆ ವಿದ್ಯುತ್ ಮಾರುಕಟ್ಟೆಯಲ್ಲಿ ಕೊಳ್ಳಬೇಕು. ಮಧ್ಯಾಹ್ನ ಅಲ್ಲಿ ಯೂನಿಟ್‌ಗೆ 2–3 ರೂಪಾಯಿಗೆ ಇಳಿಯುವ ಕರೆಂಟ್, ಬೇಸಿಗೆಯ ಸಂಜೆ 10 ರೂಪಾಯಿಯ ಮಿತಿಯವರೆಗೂ ಏರುವುದುಂಟು. ಆ ಮಿತಿಯನ್ನು ಕೇಂದ್ರ ನಿಯಂತ್ರಣ ಆಯೋಗ ಹಾಕದಿದ್ದರೆ ಇನ್ನೂ ಮೇಲೆ ಹೋಗುತ್ತಿತ್ತು.

ಕೇಂದ್ರದ ನಿಯಮ ಹೇಳುವುದು ಇಷ್ಟು: ದಿನದಲ್ಲಿ 8 ಗಂಟೆ ಸೋಲಾರ್ ಸಮಯ, ಆಗ ದರ ಕನಿಷ್ಠ ಶೇ 20ರಷ್ಟು ಕಡಿಮೆ ಇರಬೇಕು. ಪೀಕ್ ಸಮಯದಲ್ಲಿ, ಅಂದರೆ ಬಳಕೆ ಜಾಸ್ತಿ ಇರುವ ಹೊತ್ತಿನಲ್ಲಿ, ಮನೆಗಳಿಗೆ ಕನಿಷ್ಠ ಶೇ 10ರಷ್ಟು ಜಾಸ್ತಿ ಇರಬೇಕು. ನಮ್ಮ 5.80ಕ್ಕೆ ಇದನ್ನು ಹಚ್ಚಿ ನೋಡಿದರೆ ಹಗಲು 4.64, ಸಂಜೆ 6.38.

ತಿಂಗಳಿಗೆ 300 ಯೂನಿಟ್ ಸುಡುವ ಮನೆ ಅಂತ ಇಟ್ಟುಕೊಳ್ಳಿ. ನಿಮ್ಮಂತೆ ಹಗಲೂ ಜನ ಇರುವ ಮನೆಯಲ್ಲಿ ಸೋಲಾರ್ ಸಮಯದಲ್ಲಿ 90, ಪೀಕಿನಲ್ಲಿ 90 ಯೂನಿಟ್ ಹೋದರೆ, ಹಗಲಿನಲ್ಲಿ ಉಳಿಯುವುದು 104 ರೂಪಾಯಿ, ಸಂಜೆ ಜಾಸ್ತಿ ಕೊಡುವುದು 52 ರೂಪಾಯಿ. ಒಟ್ಟಿನಲ್ಲಿ 52 ರೂಪಾಯಿ ಲಾಭವೇ. ಅದೇ ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗಿ ಬೀಗ ಹಾಕುವ ಮನೆಯಲ್ಲಿ ಹಗಲು 40, ಸಂಜೆ 120 ಅಂದರೆ 46 ಉಳಿದು 70 ಹೋಗುತ್ತದೆ, ಅಂದರೆ ತಿಂಗಳಿಗೆ ಸುಮಾರು 23 ರೂಪಾಯಿ ನಷ್ಟ. ದೊಡ್ಡ ಮೊತ್ತ ಅಲ್ಲ. ಆದರೆ ಶೇ 10 ಅನ್ನುವುದು ಕನಿಷ್ಠ. ಗರಿಷ್ಠ ಎಷ್ಟು ಅಂತ ನಿಯಮದಲ್ಲಿ ಇಲ್ಲ! ನನಗೆ ಇದರಲ್ಲಿ ಆತಂಕ ಇರುವುದು ಅಲ್ಲಿಯೇ. ತಲಪಾಡಿ ದಾಟಿ ಕೇರಳದ ಕಾಸರಗೋಡಿಗೆ ಹೋದರೆ, ತಿಂಗಳಿಗೆ 250 ಯೂನಿಟ್ ಮೀರುವ ಮನೆಗಳಿಗೆ 2025ರಿಂದ ಹಗಲು ಶೇ 10 ಕಡಿಮೆ, ಸಂಜೆ 6ರಿಂದ 10ರವರೆಗೆ ಶೇ 25 ಜಾಸ್ತಿ.

ನೀವು ಮಾಡಬಹುದಾದದ್ದು ಸ್ವಲ್ಪ ಉಂಟು. ಲೈಟು, ಫ್ಯಾನು, ಟಿವಿ ಮುಟ್ಟಬೇಡಿ, ಅದರಲ್ಲಿ ಸಿಗುವುದು ಏನೂ ಇಲ್ಲ. ಬಾವಿಯ ಪಂಪು, ಬಟ್ಟೆ ಒಗೆಯುವ ಮೆಷಿನ್, ಇಡ್ಲಿಗೆ ಅರೆಯುವ ಗ್ರೈಂಡರ್, ಇಸ್ತ್ರಿ, ಇದ್ದರೆ ಕರೆಂಟ್ ಸ್ಕೂಟರಿನ ಚಾರ್ಜಿಂಗ್, ಇವು ಹಗಲಿಗೆ ಹೋಗಬಲ್ಲವು. ಸಂಜೆಯಿಂದ ಹಗಲಿಗೆ ಹೋದ ಒಂದೊಂದು ಯೂನಿಟ್‌ಗೆ 1 ರೂಪಾಯಿ 74 ಪೈಸೆ ಉಳಿತಾಯ. ದಿನಕ್ಕೆ ಮುಕ್ಕಾಲು ಗಂಟೆ ಓಡುವ 1 ಎಚ್‌ಪಿ ಪಂಪು ತಿಂಗಳಿಗೆ 20 ಯೂನಿಟ್ ಆಚೀಚೆ ತಿನ್ನುತ್ತದೆ, ಅದನ್ನು ಮಧ್ಯಾಹ್ನ ಹಾಕಿದರೆ 35 ರೂಪಾಯಿ ಸಿಗುತ್ತದೆ. ಬಚ್ಚಲಲ್ಲಿ ಈಗಲೂ ಹಂಡೆ ಇಟ್ಟು ತೆಂಗಿನ ಗರಿ, ಸಿಪ್ಪೆ ಉರಿಸುವವರಿಗೆ ಗೀಸರಿನ ಚಿಂತೆಯೂ ಇಲ್ಲ.

ಸರ್, ಹಗಲು-ಸಂಜೆ ಅಂತ ಎರಡು ಮೂರು ರೇಟ್ ಯಾಕೆ? ಮಾರುಕಟ್ಟೆಯಲ್ಲಿ ಕಾಲು ಗಂಟೆಗೊಂದು ಬೆಲೆ ಇದೆಯಲ್ಲ, ಅದನ್ನೇ ನೇರ ಮನೆಗೆ ಕೊಟ್ಟುಬಿಡಲಿ. ಆ್ಯಪ್ ನೋಡಿಕೊಂಡು ಅಗ್ಗ ಇದ್ದಾಗ ಬಳಸ್ತೇವೆ.
– ಸಾಫ್ಟ್‌ವೇರ್ ಉದ್ಯೋಗಿ, ಕಾವೂರು

ನಿಮ್ಮ ಯೋಚನೆಯಲ್ಲಿ ಸತ್ಯ ಇದೆ. ಕರೆಂಟ್ ಕೊಳ್ಳುವ, ಮಾರುವ ಇಂಡಿಯನ್ ಎನರ್ಜಿ ಎಕ್ಸ್‌ಚೇಂಜ್‌ನಲ್ಲಿ ಒಂದು ದಿನವನ್ನು 15 ನಿಮಿಷದ 96 ತುಂಡು ಮಾಡಿ ಬೆಲೆ ಕಟ್ಟುತ್ತಾರೆ. 2020ರ ಜೂನ್ 1ರಿಂದ ಅರ್ಧ ಗಂಟೆಗೊಮ್ಮೆ ಹರಾಜು ನಡೆಯುವ ರಿಯಲ್ ಟೈಮ್ ಮಾರುಕಟ್ಟೆಯೂ ಇದೆ. ನಿಜವಾದ ಖರ್ಚು ಜನಕ್ಕೆ ಕಾಣಲಿ ಅನ್ನುವುದು ಒಳ್ಳೆಯದೇ. ಇನ್ವರ್ಟರು, ಛಾವಣಿಯ ಸೋಲಾರ್, ಟೈಮರ್ ಇರುವ ಗೀಸರ್, ಕರೆಂಟ್ ಕಾರು ಇರುವ ಮನೆಗೆ ಇದು ಹೇಳಿ ಮಾಡಿಸಿದ್ದು.

ಎಲ್ಲ ಮನೆಗೂ ಹಾಕಿದರೆ ಏನಾಗುತ್ತದೆ ಅನ್ನುವುದಕ್ಕೆ ಅಮೆರಿಕದ ಟೆಕ್ಸಾಸ್ ನೋಡಿ. ಅಲ್ಲಿ ಕೆಲವು ಮನೆಯವರು ಸಗಟು ಮಾರುಕಟ್ಟೆಯ ಬೆಲೆಯನ್ನೇ ಕೊಡುವ ಯೋಜನೆಗೆ ಸೇರಿದ್ದರು. ಬಹಳ ದಿನ ಅಗ್ಗವಾಗಿಯೇ ಸಿಕ್ಕಿತು. 2021ರ ಫೆಬ್ರವರಿಯಲ್ಲಿ ವಿಪರೀತ ಚಳಿ ಬಿತ್ತು, ಸ್ಥಾವರಗಳು ನಿಂತವು, ಸಗಟು ಬೆಲೆ ಯೂನಿಟ್‌ಗೆ 9 ಡಾಲರ್‌ಗೆ ಏರಿ ದಿನಗಟ್ಟಲೆ ಅಲ್ಲೇ ಕೂತಿತು. ಹೀಟರ್ ಆರಿಸಿದರೆ ಜೀವಕ್ಕೇ ಅಪಾಯ, ಹಾಕಿದರೆ ಬಿಲ್ಲು. ಕೆಲವೇ ದಿನದ ಕರೆಂಟಿಗೆ ಸಾವಿರಾರು ಡಾಲರ್ ಬಿಲ್ ಬಂದ ಮನೆಗಳಿವೆ. ಅದೇ ವರ್ಷ ಟೆಕ್ಸಾಸ್ ಸರ್ಕಾರ ಮನೆಗಳಿಗೆ ಆ ಥರದ ಯೋಜನೆಯನ್ನೇ ನಿಷೇಧಿಸಿತು. ಅಲ್ಲಿ ಮೀಟರಿನದ್ದು ಏನೂ ತಪ್ಪಿರಲಿಲ್ಲ. ಬೆಲೆ ಮಾತ್ರ ಅಂಕೆ ಇಲ್ಲದೆ ಮನೆಯೊಳಗೆ ಬಂತು.

ದಕ್ಕೆಗೆ ಬೋಟ್ ಕಡಿಮೆ ಬಂದ ದಿನ ಬಂಗುಡೆ ದುಬಾರಿ ಆಗುತ್ತದೆ, ನಾವು ಆ ದಿನ ಗಂಜಿಗೆ ಚಟ್ನಿ ಮಾಡಿಕೊಂಡು ಸುಧಾರಿಸುತ್ತೇವೆ. ಏಪ್ರಿಲ್ ತಿಂಗಳ ಸಂಜೆ ಏಳೂವರೆಗೆ, ಮೈಯೆಲ್ಲ ಬೆವರಿ ಅಂಟಂಟು ಅನ್ನುವ ನಮ್ಮ ಸೆಕೆಯಲ್ಲಿ, ಮಲಗಿದಲ್ಲೇ ಇರುವ ಅಜ್ಜಿಯ ಕೋಣೆಯ ಫ್ಯಾನನ್ನು ರೇಟ್ ಇಳಿಯುವವರೆಗೆ ಆರಿಸಿ ಅಂತ ಹೇಳಲಿಕ್ಕೆ ಆಗುತ್ತದಾ? ಬೀಡಿ ಕಟ್ಟುವ ಹೆಂಗಸು ಆ್ಯಪ್ ನೋಡುತ್ತಾ ಕೂರಬೇಕಾ?

ಹಾಗಂತ ರಿಯಲ್ ಟೈಮ್ ದರವನ್ನೇ ಬೇಡ ಅನ್ನುವುದಿಲ್ಲ. ಸ್ಪೇನ್‌ನಲ್ಲಿ ಮರುದಿನದ ಗಂಟೆಗಂಟೆಯ ದರ ಹಿಂದಿನ ಸಂಜೆಯೇ ಪ್ರಕಟವಾಗುತ್ತದೆ, ಹಾಗಾಗಿ ಬಟ್ಟೆ ಯಾವಾಗ ಒಗೆಯಬೇಕು ಅಂತ ಜನ ಮೊದಲೇ ಯೋಚಿಸಬಹುದು. ನಮ್ಮಲ್ಲಿ ಬೇಕಾದವರು ತಾವಾಗಿ ಸೇರಿಕೊಳ್ಳಲಿ, ಒಂದು ದಿನ ಮೊದಲು ದರ ಗೊತ್ತಾಗಲಿ, ಇಷ್ಟಕ್ಕಿಂತ ಮೇಲೆ ಹೋಗಬಾರದು ಅನ್ನುವ ಮಿತಿ ಇರಲಿ, ಆಗದಿದ್ದರೆ ಹಳೆ ದರಕ್ಕೆ ಹಿಂದೆ ಬರಲು ಬಾಗಿಲು ತೆರೆದಿರಲಿ. ಹಾಗೆ ಬಂದರೆ ನಿಮ್ಮ ಮನೆಯಲ್ಲಿ ಮೊದಲು ಮಾಡಿ ನೋಡಿ.

ನಮಗೆ ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್. ಇದರಿಂದ ನಮಗೆ ತೊಂದರೆ ಉಂಟಾ?
– ಓದುಗರು, ಬ್ರಹ್ಮಾವರ

ಗೃಹಜ್ಯೋತಿಯ ಮಿತಿ ಇರುವುದು ತಿಂಗಳ ಯೂನಿಟ್ ಲೆಕ್ಕದಲ್ಲಿ. ಯಾವ ಗಂಟೆಯಲ್ಲಿ ಬಳಸಿದಿರಿ ಅನ್ನುವುದು ಅದರಲ್ಲಿ ಬರುವುದಿಲ್ಲ. ನಿಮ್ಮ ಮನೆಗೆ ಹಾಕಿದ ಮಿತಿಯೊಳಗೇ ಇದ್ದರೆ ಸೊನ್ನೆ ಬಿಲ್. ಮಿತಿ ದಾಟಿ 200ರ ಒಳಗಿದ್ದರೆ ಹೆಚ್ಚಿನ ಯೂನಿಟ್‌ಗೆ ಮಾತ್ರ ಹಣ, 200 ದಾಟಿದರೆ ಪೂರ್ತಿ ಬಿಲ್ಲು ನಿಮ್ಮದೇ. ಸ್ಮಾರ್ಟ್ ಮೀಟರಿನಿಂದ ನಿಮಗೆ ಸಿಗುವ ಒಂದು ಪ್ರಯೋಜನ ಅಂದರೆ, ತಿಂಗಳ ಮಧ್ಯದಲ್ಲೇ ಎಷ್ಟು ಯೂನಿಟ್ ಆಗಿದೆ ಅಂತ ನೋಡಿಕೊಳ್ಳಬಹುದು, 195ರಲ್ಲಿ ಇದ್ದೇವೆ ಅಂತ ಗೊತ್ತಾದರೆ ಕೊನೆಯ ಎರಡು ದಿನ ಕೈ ಬಿಗಿ ಹಿಡಿಯಬಹುದು.

ಇನ್ನೊಂದು ಮಾತು. ಸೊನ್ನೆ ಬಿಲ್ಲಿನ ಮನೆಗೆ ಸಂಜೆಯ ದರ ಎಷ್ಟಾದರೂ ಒಂದೇ, ಅದನ್ನು ಕೊಡುವುದು ಸರ್ಕಾರ. ಅಂದಮೇಲೆ ಹಗಲಿಗೆ ಬಳಕೆ ಬದಲಾಯಿಸಬೇಕು ಅನ್ನುವ ಒತ್ತಡ ಹೆಚ್ಚಾಗಿ ಬೀಳುವುದು 200 ದಾಟುವ ಮನೆಗಳ ಮೇಲೆ. ಎಲ್ಲ ಮನೆಗೂ ದುಬಾರಿ ಮೀಟರ್ ಹಾಕುವ ಮೊದಲು ಈ ಲೆಕ್ಕವನ್ನು ಸರ್ಕಾರ ಜನರ ಮುಂದೆ ಇಡಬೇಕು.

ಬಿಜೈಯಲ್ಲಿ ನಮ್ಮದು ಫ್ಲ್ಯಾಟ್. ಸ್ಯಾಂಕ್ಷನ್ ಲೋಡ್ 3 ಕಿಲೋವ್ಯಾಟ್. ಸ್ಮಾರ್ಟ್ ಮೀಟರ್ ಬಂದ್ರೆ ಲೋಡ್ ಜಾಸ್ತಿ ಅಂತ ದಂಡ ಹಾಕ್ತಾರೆ ಅಂತ ಪಕ್ಕದ ಮನೆಯವರು ಹೆದರಿಸ್ತಾರೆ.
– ನಿವೃತ್ತ ಶಿಕ್ಷಕರು, ಮಂಗಳೂರು

ಇದು ಬಹಳ ಮುಖ್ಯವಾದ ಪ್ರಶ್ನೆ, ಸರ್. ಎಲ್ಲರೂ ಗಂಟೆಯ ದರದ ಬಗ್ಗೆ ಮಾತಾಡುತ್ತಾರೆ, ಇದರ ಬಗ್ಗೆ ಯಾರೂ ಮಾತಾಡುವುದಿಲ್ಲ. ಅನೇಕ ಮನೆಗಳಲ್ಲಿ ಜೇಬಿಗೆ ಹೆಚ್ಚು ತಾಗುವುದು ಇದೇ.

ಸ್ಯಾಂಕ್ಷನ್ ಲೋಡ್ ಅಂದರೆ ಒಮ್ಮೆಗೆ ಇಷ್ಟು ಕರೆಂಟ್ ಎಳೆಯಬಹುದು ಅಂತ ನಿಮ್ಮ ಮನೆಗೆ ಮಂಜೂರಾದ ಲೋಡ್, ನಿಗದಿತ ಶುಲ್ಕ ಅದರ ಮೇಲೆ. 2025-26ರಲ್ಲಿ ಮನೆಗಳಿಗೆ ಈ ಶುಲ್ಕ ಕಿಲೋವ್ಯಾಟ್‌ಗೆ ತಿಂಗಳಿಗೆ 145 ರೂಪಾಯಿ. ನಿಮ್ಮ 3 ಕಿಲೋವ್ಯಾಟ್‌ಗೆ 435. ಅದು 5 ಆದರೆ 725. ವ್ಯತ್ಯಾಸ 290 ರೂಪಾಯಿ, ಮೇಲೆ ಹೇಳಿದ ಹಗಲು-ಸಂಜೆಯ ಲಾಭ ನಷ್ಟ ಇದರ ಮುಂದೆ ಏನೂ ಅಲ್ಲ. ಬೆಳಿಗ್ಗೆ ಏಳು ಗಂಟೆಗೆ ನಿಮ್ಮ ಮನೆ ಹೇಗಿರುತ್ತದೆ ಅಂತ ನೆನೆಸಿಕೊಳ್ಳಿ: ಗೀಸರ್ 2 ಕಿಲೋವ್ಯಾಟ್, ಇಸ್ತ್ರಿ ಪೆಟ್ಟಿಗೆ 1, ಇಂಡಕ್ಷನ್ ಒಲೆ ಒಂದೂವರೆ, ಬೆಡ್‌ರೂಮಿನಲ್ಲಿ ಎಸಿ ಇನ್ನೂ ಆರಿಸಿಲ್ಲ. ಐದು ದಾಟಿತಲ್ಲ! ಈವರೆಗೆ ಇದು ಹೆಚ್ಚಿನವರ ಗಮನಕ್ಕೆ ಬರುತ್ತಿರಲಿಲ್ಲ. ಸ್ಮಾರ್ಟ್ ಮೀಟರ್ ಬರೆದಿಟ್ಟುಕೊಳ್ಳುತ್ತದೆ.

ಆದರೆ ಕೇಂದ್ರದ ಅದೇ ನಿಯಮದಲ್ಲಿ ನಿಮಗೆ ರಕ್ಷಣೆಯೂ ಇದೆ. ಸ್ಮಾರ್ಟ್ ಮೀಟರ್ ತೋರಿಸಿದ ಲೋಡ್ ನೋಡಿ, ಆ ಮೀಟರ್ ಹಾಕುವ ಮೊದಲಿನ ಅವಧಿಗೆ ದಂಡ ವಸೂಲಿ ಮಾಡುವಂತಿಲ್ಲ. ಒಂದು ತಿಂಗಳು ಲೋಡ್ ಮೀರಿದರೆ ಆ ತಿಂಗಳಿಗೆ ಮಾತ್ರ ನಿಜವಾದ ಲೋಡ್ ಮೇಲೆ ಲೆಕ್ಕ. ಒಂದು ಆರ್ಥಿಕ ವರ್ಷದಲ್ಲಿ ಕನಿಷ್ಠ ಮೂರು ಸಲ ಮೀರಿದರೆ ಮಾತ್ರ ಮಂಜೂರಾದ ಲೋಡನ್ನೇ ಏರಿಸಬಹುದು, ಅದೂ ಮುಂದಿನ ವರ್ಷ, ಮೀರಿದ ತಿಂಗಳುಗಳ ಪೈಕಿ ಅತಿ ಕಡಿಮೆಯದ್ದನ್ನು ಹಿಡಿದು. ಮೀಟರ್ ನೋಡುವುದು ಕಾಲು ಅಥವಾ ಅರ್ಧ ಗಂಟೆಯ ಸರಾಸರಿಯನ್ನು, ಹಾಗಾಗಿ ಎರಡು ನಿಮಿಷ ಮಿಕ್ಸಿ ಹಾಕಿದ್ದಕ್ಕೆ ಏನೂ ಆಗುವುದಿಲ್ಲ. ಗೀಸರ್ ಆರಿದ ಮೇಲೆ ಇಸ್ತ್ರಿ ಹಾಕಿ, ಅಷ್ಟು ಸಾಕು.

ನಾವು ಮುಂಬಯಿಯಲ್ಲಿ. ಊರಿನ ಮನೆಗೆ ವರ್ಷದಲ್ಲಿ ಎರಡು ಸಲ ಬರ್ತೇವೆ. ಸ್ಮಾರ್ಟ್ ಮೀಟರ್ ಇದ್ರೆ ಮನೆ ಖಾಲಿ ಅಂತ ಗೊತ್ತಾಗ್ತದಲ್ಲ?
– ಓದುಗರು, ಶಿರ್ವ

ಗೊತ್ತಾಗುತ್ತದೆ. ಅರ್ಧ ಗಂಟೆಗೊಮ್ಮೆ ಬರೆದ ಲೆಕ್ಕ ನೋಡಿದರೆ ಮನೆಯವರು ಎಷ್ಟು ಹೊತ್ತಿಗೆ ಏಳುತ್ತಾರೆ, ಯಾವ ವಾರ ಊರಲ್ಲಿಲ್ಲ ಅಂತ ಸುಲಭವಾಗಿ ಹೇಳಬಹುದು. ನೆದರ್ಲೆಂಡ್ಸ್‌ನಲ್ಲಿ 2009ರಲ್ಲಿ ಸ್ಮಾರ್ಟ್ ಮೀಟರ್ ಕಡ್ಡಾಯ ಮಾಡುವ ಮಸೂದೆಗೆ ಮೇಲ್ಮನೆಯಲ್ಲಿ ತಡೆ ಬಿದ್ದದ್ದು ಈ ಕಾರಣಕ್ಕೇ. ಗಲ್ಫ್, ಮುಂಬಯಿಯವರ ಬೀಗ ಹಾಕಿದ ಮನೆಗಳು ನಮ್ಮ ಕರಾವಳಿಯಲ್ಲಿ ಊರೂರಲ್ಲಿ ಇವೆ, ಇಲ್ಲಿ ಈ ಚಿಂತೆ ಬೇರೆ ಕಡೆಗಿಂತ ಜಾಸ್ತಿಯೇ ಇರಬೇಕು. ಬಿಲ್ಲಿಗೆ ಬೇಕಾದಷ್ಟು ಲೆಕ್ಕ ಕಂಪನಿಗೆ ಸಾಕು, ಗಂಟೆಗಂಟೆಯ ವಿವರ ಮನೆಯವರಿಗೆ ಮಾತ್ರ ತೆರೆಯಬೇಕು. ಮೀಟರ್ ಹಾಕಿ ನಿರ್ವಹಣೆ ಮಾಡುವ ಗುತ್ತಿಗೆದಾರರಿಗೆ ಅದು ಸಿಗಬಾರದು. ಆ್ಯಪ್‌ನ ಪಾಸ್‌ವರ್ಡನ್ನು ಮನೆ ನೋಡಿಕೊಳ್ಳುವವರಿಗೂ ಕೊಡಬೇಡಿ.

ಹೊಸ ಮೀಟರ್ ಹಾಕಿದ ಮೇಲೆ ಬಿಲ್ ಜಾಸ್ತಿ ಬಂತು. ಮೀಟರ್ ಓಡ್ತಾ ಉಂಟು ಮಾರಾಯ್ರೇ! ಏನು ಮಾಡುವುದು?
– ಓದುಗರು, ಕಾಪು

ದೂರು ಕೊಡುವ ಮೊದಲು ನೀವೇ ಒಮ್ಮೆ ಪರೀಕ್ಷೆ ಮಾಡಿ, ಹತ್ತು ನಿಮಿಷದ ಕೆಲಸ.

ಮೀಟರಿನ ಮುಖದಲ್ಲಿ ಮಿನುಗುವ ಒಂದು ಸಣ್ಣ ಕೆಂಪು ಲೈಟ್ ಇರುತ್ತದೆ. ಪಕ್ಕದಲ್ಲೇ ಒಂದು ಯೂನಿಟ್‌ಗೆ ಎಷ್ಟು ಮಿನುಗು ಅಂತ ಬರೆದಿರುತ್ತದೆ, ಎಷ್ಟೋ ಮೀಟರ್‌ಗಳಲ್ಲಿ ಅದು 3,200. ಮೊದಲು ಮನೆಯೊಳಗಿನ ಎಲ್ಲವನ್ನೂ ಆರಿಸಿ, ಫ್ರಿಜ್ಜಿನ ಪ್ಲಗ್ಗೂ ತೆಗೆಯಿರಿ. ಇನ್ವರ್ಟರ್ ಆರಿಸಲು ಮರೆಯಬೇಡಿ, ಹೆಚ್ಚಿನವರು ಬಿಡುವುದು ಅದನ್ನೇ. ಆಗಲೂ ಲೈಟ್ ಮಿನುಗುತ್ತಿದ್ದರೆ ವಯರಿಂಗ್‌ನಲ್ಲಿ ಎಲ್ಲೋ ಸೋರಿಕೆ ಇದೆ, ಅಥವಾ ಪಕ್ಕದ ಮನೆಯ ನ್ಯೂಟ್ರಲ್ ನಿಮ್ಮದಕ್ಕೆ ಸೇರಿದೆ. ನಮ್ಮ ಮಳೆಗೆ ಗೋಡೆ ಒದ್ದೆಯಾಗುವ ಹಳೆ ಮನೆಗಳಲ್ಲಿ ಇಂಥ ಸೋರಿಕೆ ಸಾಮಾನ್ಯ. ಹಳೆಯ ಮೀಟರ್ ಇದನ್ನು ಹಿಡಿಯದೆ ಬಿಟ್ಟಿರಬಹುದು, ಹೊಸದು ಹಿಡಿಯುತ್ತದೆ. ಎಲೆಕ್ಟ್ರಿಷಿಯನ್ ಕರೆಸಿ, ಇದು ಬಿಲ್ಲಿನ ಮಾತಲ್ಲ, ಶಾಕ್ ಹೊಡೆಯುವ ಅಪಾಯ.

ಮಿನುಗು ನಿಂತರೆ ತಣ್ಣೀರು ತುಂಬಿದ 2 ಕಿಲೋವ್ಯಾಟ್‌ನ ಗೀಸರ್ ಒಂದನ್ನೇ ಹಾಕಿ, ಮೊಬೈಲ್‌ನಲ್ಲಿ ಒಂದು ನಿಮಿಷದ ವಿಡಿಯೊ ತೆಗೆದು, ನಿಧಾನ ಓಡಿಸಿ ಮಿನುಗು ಎಣಿಸಿ. 3,200ರ ಮೀಟರಿನಲ್ಲಿ ಸುಮಾರು 107 ಬರಬೇಕು. ವೋಲ್ಟೇಜ್ ಏರುಪೇರಿನಿಂದ ಸ್ವಲ್ಪ ಆಚೀಚೆ ಆಗುತ್ತದೆ. ತೊಂಬತ್ತೋ ನೂರೋ ಬಂದರೆ ಗಾಬರಿ ಬೇಡ. 150 ಬಂದರೆ ದೂರು ಕೊಡಿ.

1912ಕ್ಕೆ ಫೋನ್ ಮಾಡಿ ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ, ಲಿಖಿತವಾಗಿಯೂ ಕೊಡಿ. ಗ್ರಾಹಕರ ಹಕ್ಕುಗಳ ನಿಯಮದ 2024ರ ತಿದ್ದುಪಡಿಯಂತೆ ಇಂಥ ದೂರು ಬಂದ 5 ದಿನದೊಳಗೆ ಕಂಪನಿ ಇನ್ನೊಂದು ಮೀಟರ್ ಹಾಕಬೇಕು, ಕನಿಷ್ಠ 3 ತಿಂಗಳು ಎರಡನ್ನೂ ಹೋಲಿಸಿ ನೋಡಬೇಕು. ಇದು ನಿಮ್ಮ ಹಕ್ಕು, ಸಂಕೋಚ ಪಡಬೇಡಿ.

ಪ್ರಿಪೇಯ್ಡ್ ಮಾಡಿದ್ರೆ ರೀಚಾರ್ಜ್ ಮುಗಿದ ಕೂಡಲೇ ಕರೆಂಟ್ ತೆಗೀತಾರಾ?
– ಓದುಗರು, ಉಳ್ಳಾಲ

ಈಗಿನ ಬಿಲ್ ವ್ಯವಸ್ಥೆಯಲ್ಲಿ ಹಣ ಕಟ್ಟದಿದ್ದರೆ 2003ರ ವಿದ್ಯುತ್ ಕಾಯ್ದೆಯ 56ನೇ ಸೆಕ್ಷನ್‌ನಂತೆ 15 ದಿನದ ನೋಟಿಸ್ ಕೊಟ್ಟೇ ಸಂಪರ್ಕ ಕಡಿಯಬೇಕು. ಪ್ರಿಪೇಯ್ಡ್ ಬಂದರೆ ಆ 15 ದಿನದ ಬಿಡುವು ಹೋಗಿಬಿಡಬಹುದು ಅನ್ನುವ ಹೆದರಿಕೆ ಸರಿಯಾದದ್ದೇ. ಒಂದು ಅನುಕೂಲ ಉಂಟು, ಪ್ರಿಪೇಯ್ಡ್ ಆದರೆ ಠೇವಣಿ ಕೇಳುವಂತಿಲ್ಲ. ಆದರೂ ರಾತ್ರಿ, ರಜಾದಿನ, ಮಳೆಗೆ ನೆಟ್‌ವರ್ಕ್ ಹೋದ ಹೊತ್ತು, ಮನೆಯಲ್ಲಿ ಆಕ್ಸಿಜನ್ ಯಂತ್ರದ ಮೇಲೆ ಇರುವ ರೋಗಿ, ಇಂಥ ಸಂದರ್ಭದಲ್ಲಿ ಕಡಿಯಬಾರದು ಅಂತ ಸ್ಪಷ್ಟವಾಗಿ ಬರೆದಿರಬೇಕು.

ಜೂನ್‌ನಿಂದ ಆಗಸ್ಟ್‌ವರೆಗೆ ನಮ್ಮಲ್ಲಿ ಬಿಸಿಲೇ ಇಲ್ಲ. ಆಗಲೂ ಹಗಲು ಅಗ್ಗವಾ?
– ಓದುಗರು, ಮಲ್ಪೆ

ಹೌದು. ದರ ಕಟ್ಟುವಾಗ ನೋಡುವುದು ರಾಜ್ಯದ ಗ್ರಿಡ್ಡನ್ನು, ಮಲ್ಪೆಯ ಆಕಾಶವನ್ನಲ್ಲ.

ಇದನ್ನೆಲ್ಲ ನಾವು ಹೇಳಿದರೆ ಯಾರು ಕೇಳ್ತಾರೆ?
– ಓದುಗರು, ಕದ್ರಿ

ಕೇಳಲೇಬೇಕಾದ ಜಾಗ ಒಂದುಂಟು. ಕಂಪನಿ ದರ ಪರಿಷ್ಕರಣೆಗೆ ಅರ್ಜಿ ಹಾಕಿದಾಗಲೆಲ್ಲ ಆಯೋಗ ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಆಕ್ಷೇಪಣೆ ಕರೆಯುತ್ತದೆ, ಆಮೇಲೆ ಸಾರ್ವಜನಿಕ ವಿಚಾರಣೆ ಮಾಡುತ್ತದೆ. ಮೆಸ್ಕಾಂ ಅರ್ಜಿಯ ವಿಚಾರಣೆ ಮಂಗಳೂರಿನಲ್ಲೇ ನಡೆದಿದೆ. ವಕೀಲರು ಬೇಕಿಲ್ಲ, ಕನ್ನಡದಲ್ಲೇ ಬರೆಯಬಹುದು, ಎದ್ದು ನಿಂತು ಮಾತಾಡಬಹುದು. 2025ರಲ್ಲಿ ಹೊಸ ಸಂಪರ್ಕಗಳಿಗೆ ಸ್ಮಾರ್ಟ್ ಮೀಟರ್ ಕಡ್ಡಾಯ ಮಾಡಿ ಅದರ ಬೆಲೆಯನ್ನು ಗ್ರಾಹಕರ ತಲೆಗೆ ಹಾಕಿದಾಗ ಆದ ಗಲಾಟೆ ಹೈಕೋರ್ಟಿನವರೆಗೆ ಹೋಯಿತು, ನೆನಪಿರಬಹುದು. ಅಷ್ಟು ದೂರ ಹೋಗುವ ಮೊದಲು ಇಲ್ಲಿ ಹೇಳಬೇಕು.

ನಾನು ಬರೆಯುವುದಾದರೆ ಹೀಗೆ ಬರೆಯುತ್ತೇನೆ. ಮೊದಲ ಒಂದು ವರ್ಷ ಹಗಲಿನ ರಿಯಾಯಿತಿ ಮಾತ್ರ ಕೊಡಿ, ಸಂಜೆಗೆ ಏರಿಸಬೇಡಿ, ಅದಕ್ಕಾಗಿ ಕೇಂದ್ರದ ನಿಯಮದಲ್ಲಿ ವಿನಾಯಿತಿ ಕೇಳಿ. ಆ ವರ್ಷ ಪ್ರತಿ ಬಿಲ್ಲಿನಲ್ಲೂ ಹಳೆ ದರದಲ್ಲಿ ಎಷ್ಟು, ಹೊಸ ದರದಲ್ಲಿ ಎಷ್ಟಾಗುತ್ತಿತ್ತು ಅಂತ ಅಕ್ಕಪಕ್ಕ ಮುದ್ರಿಸಿ, ಜನ ತಾವೇ ನೋಡಿ ಕಲಿಯಲಿ. ಆಮೇಲೆ ಸಂಜೆಗೆ ಏರಿಸುವುದೇ ಆದರೆ ಶೇ 10 ದಾಟಬಾರದು ಅಂತ ಆದೇಶದಲ್ಲೇ ಬರೆಯಿರಿ. ಮೀಟರಿನ ಬೆಲೆ ಗ್ರಾಹಕರಿಂದ ಒಮ್ಮೆಗೇ ವಸೂಲಿ ಮಾಡಬೇಡಿ, ಯಾಕೆಂದರೆ ರೀಡಿಂಗಿನ ಖರ್ಚು ಉಳಿಯುವುದು, ಸೋರಿಕೆ ಗೊತ್ತಾಗುವುದು, ದುಬಾರಿ ಸಂಜೆಯ ಖರೀದಿ ತಗ್ಗುವುದು, ಇದರ ಲಾಭವೆಲ್ಲ ಮೊದಲು ಹೋಗುವುದು ಕಂಪನಿಗೆ.

ನಿಮ್ಮ ಆಕ್ಷೇಪಣೆಗೆ ಕಳೆದ 12 ತಿಂಗಳ ಬಿಲ್ಲಿನ ನಕಲು ಲಗತ್ತಿಸಿ. ಮನೆಯಲ್ಲಿ ಎಷ್ಟು ಜನ, ಹಗಲು ಯಾರಿರುತ್ತಾರೆ, ಸಂಜೆ ಏನೇನು ಓಡುತ್ತದೆ ಅಂತ ನಾಲ್ಕು ಸಾಲು ಬರೆದರೂ ಸಾಕು. ಪ್ರಕಟಣೆಯಲ್ಲಿ ಹೇಳಿದ ಕೊನೆಯ ದಿನದೊಳಗೆ ಆಯೋಗಕ್ಕೆ ಒಂದು ಪ್ರತಿ, ಮೆಸ್ಕಾಂಗೆ ಒಂದು ಪ್ರತಿ ಕಳಿಸಿ, ವಿಚಾರಣೆಯಲ್ಲಿ ಮಾತಾಡಬೇಕು ಅಂತಿದ್ದರೆ ಅದನ್ನೂ ಅದರಲ್ಲೇ ಬರೆಯಿರಿ.